ಕೊನೆಯವರೆಗೂ ಒಂದೇ ಸಮನೆ ಬೆಳಗುವ ಎಲ್‌ಇಡಿ ಟಾರ್ಚ್: ಕಡಿಮೆ ಬೆಲೆಯಲ್ಲಿ ಆರಿಸುವ ಬಗೆ

ಟಾರ್ಚ್ ಕೊಳ್ಳುವಾಗ ನಾವು ನೋಡುವುದು ಹೊಸ ಸೆಲ್ ಹಾಕಿ ಅಂಗಡಿಯ ಗೋಡೆಗೆ ಹಿಡಿದ ಮೊದಲ ಅರ್ಧ ನಿಮಿಷದ ಬೆಳಕನ್ನು. ಆದರೆ ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಕರೆಂಟ್ ಬಂದಾಗ ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ಹೋಗುವವರಿಗೆ, ಅಡಿಕೆ ತೋಟದಲ್ಲಿ ನೀರು ತಿರುಗಿಸುವವರಿಗೆ, ಮಳೆಗಾಲದ ರಾತ್ರಿಗಳಲ್ಲಿ ಗಂಟೆಗಟ್ಟಲೆ ಕರೆಂಟ್ ಇಲ್ಲದೆ ಕೂರುವ ಮನೆಗಳಿಗೆ ಬೇಕಾದದ್ದು ಒಂದು ಗಂಟೆ ಉರಿದ ಮೇಲೂ ಉಳಿದಿರುವ ಬೆಳಕು. ಅಗ್ಗದ ಟಾರ್ಚ್‌ಗಳಲ್ಲಿ ಈ ಎರಡು ಬೆಳಕುಗಳ ನಡುವಿನ ಅಂತರ ಬಹಳ ದೊಡ್ಡದು, ಮತ್ತು ಅದನ್ನು ಪೆಟ್ಟಿಗೆಯ ಮೇಲೆ ಯಾರೂ ಮುದ್ರಿಸುವುದಿಲ್ಲ. ಒಂದೆರಡು ಸಾವಿರ ರೂಪಾಯಿಯ ಮಿತಿಯೊಳಗೆ, ಸೆಲ್ ಖಾಲಿಯಾಗುವ ತನಕ ಒಂದೇ ಪ್ರಮಾಣದ ಬೆಳಕು ಕೊಡುವ ಟಾರ್ಚನ್ನು ಗುರುತಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಬೆಳಕು ಇಳಿಯುತ್ತಿರುವುದು ನಮ್ಮ ಗಮನಕ್ಕೇ ಬರುವುದಿಲ್ಲ ಎಂಬುದು ಇಲ್ಲಿನ ನಿಜವಾದ ತೊಂದರೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತಾ ಹೋಗುತ್ತದೆ. ಬೆಳಕು ಅರ್ಧಕ್ಕೆ ಇಳಿದರೂ ನಮಗೆ ಅದು ಸ್ವಲ್ಪ ಕಡಿಮೆಯಾದಂತೆ ಮಾತ್ರ ಕಾಣುತ್ತದೆ, ಅದೂ ಪಕ್ಕದಲ್ಲಿ ಹೋಲಿಸಲು ಇನ್ನೊಂದು ಟಾರ್ಚ್ ಇದ್ದರೆ. ಹಳೆಯ ತಂತಿ ಬಲ್ಬಿನ ಟಾರ್ಚ್ ಸೆಲ್ ಮುಗಿಯುತ್ತಾ ಬಂದಂತೆ ಹಳದಿಯಾಗಿ, ಕೆಂಪಾಗಿ ಎಚ್ಚರಿಕೆ ಕೊಡುತ್ತಿತ್ತು. ಬಿಳಿ ಎಲ್‌ಇಡಿ ಹೆಚ್ಚುಕಡಿಮೆ ಅದೇ ಬಣ್ಣದಲ್ಲಿಯೇ ಸದ್ದಿಲ್ಲದೆ ಮಂದವಾಗುತ್ತದೆ. ಒಣಗಿದ ತರಗೆಲೆಯ ಮೇಲೆ ಅದೇ ಬಣ್ಣದ ಕೊಳಕುಮಂಡಲ ಹಾವು ಮಲಗಿರಬಹುದಾದ ದಾರಿಯಲ್ಲಿ, ಮೂರನೇ ಒಂದು ಭಾಗಕ್ಕೆ ಇಳಿದ ಬೆಳಕನ್ನೇ ಪೂರ್ತಿ ಬೆಳಕೆಂದು ನಂಬಿ ನಡೆಯುವುದು ಅಪಾಯ. ಆದ್ದರಿಂದ ಸ್ಥಿರ ಬೆಳಕನ್ನು ಶೋಕಿಯ ವಿಷಯವೆಂದು ಎಣಿಸದೆ ಟಾರ್ಚಿನ ಮೊದಲ ಅರ್ಹತೆಯೆಂದು ನಾನು ಪರಿಗಣಿಸುತ್ತೇನೆ.

ಬೆಳಕು ಇಳಿಯುವುದು ಏಕೆ

ಬಿಳಿ ಎಲ್‌ಇಡಿ ಬೆಳಗಲು ಸುಮಾರು 3 ವೋಲ್ಟ್ ಬೇಕು. ಅದರ ಬೆಳಕಿನ ಪ್ರಮಾಣವನ್ನು ನಿರ್ಧರಿಸುವುದು ಅದರೊಳಗೆ ಹರಿಯುವ ಕರೆಂಟ್; ಆ ಕರೆಂಟಾದರೋ ವೋಲ್ಟೇಜಿನ ಸಣ್ಣ ಏರಿಳಿತಕ್ಕೂ ವಿಪರೀತವಾಗಿ ಸ್ಪಂದಿಸುತ್ತದೆ. ವೋಲ್ಟೇಜ್ 3.3ರಿಂದ 2.9ಕ್ಕೆ ಇಳಿದರೆ, ನೋಡಲು ಅದು ಸಣ್ಣ ಇಳಿಕೆಯೇ ಆದರೂ, ಎಲ್‌ಇಡಿಯ ಕರೆಂಟ್ ಹಲವು ಪಟ್ಟು ಕಡಿಮೆಯಾಗಬಹುದು. ಇನ್ನೊಂದು ಕಡೆ, ಯಾವ ಸೆಲ್ಲಿನ ವೋಲ್ಟೇಜೂ ಒಂದೇ ಕಡೆ ನಿಲ್ಲುವುದಿಲ್ಲ. ಆಲ್ಕಲೈನ್ ಸೆಲ್ 1.5 ವೋಲ್ಟಿನಿಂದ ಶುರುವಾಗಿ ಇಳಿಜಾರಿನಲ್ಲಿ ಸಾಗಿ 1 ವೋಲ್ಟಿನ ಕೆಳಗೆ ಬರುವ ಹೊತ್ತಿಗೆ ಖಾಲಿಯಾಗಿರುತ್ತದೆ. ಲಿಥಿಯಂ ಅಯಾನ್ ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇದ್ದು, ಬಹುಪಾಲು ಹೊತ್ತು 3.6ರ ಆಸುಪಾಸಿನಲ್ಲಿ ಕಳೆದು, 3ರ ಹತ್ತಿರ ಮುಗಿಯುತ್ತದೆ. ಈ ಇಳಿಜಾರು ಎಲ್‌ಇಡಿಯ ಬೆಳಕಿಗೆ ತಟ್ಟದಂತೆ ತಡೆಯುವ ಕೆಲಸ ಟಾರ್ಚಿನೊಳಗಿನ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟಿನದು. ಎರಡು ಟಾರ್ಚ್‌ಗಳ ಬೆಲೆಯಲ್ಲಿ ಕಾಣುವ ವ್ಯತ್ಯಾಸದ ದೊಡ್ಡ ಪಾಲು ಹಲವು ಸಲ ಈ ಸರ್ಕ್ಯೂಟಿಗೇ ಸೇರಿದ್ದು.

ಅತ್ಯಂತ ಅಗ್ಗದ ಟಾರ್ಚ್‌ಗಳಲ್ಲಿ ಡ್ರೈವರ್ ಎಂಬುದೇ ಇರುವುದಿಲ್ಲ. ಮೂರು ಸಣ್ಣ ರಿಮೋಟ್ ಸೆಲ್‌ಗಳನ್ನು ಪ್ಲಾಸ್ಟಿಕ್ ಗೂಡಿನಲ್ಲಿ ಜೋಡಿಸಿ 4.5 ವೋಲ್ಟ್ ಮಾಡಿ, ನಡುವೆ ಕರೆಂಟನ್ನು ತಡೆದು ತಗ್ಗಿಸುವ ಒಂದು ರೆಸಿಸ್ಟರ್ ಇಟ್ಟೋ ಇಡದೆಯೋ ಎಲ್‌ಇಡಿಗೆ ನೇರವಾಗಿ ಕೊಟ್ಟಿರುತ್ತಾರೆ. ಒಂಬತ್ತು ಸಣ್ಣ ಎಲ್‌ಇಡಿಗಳನ್ನು ದುಂಡಗೆ ಜೋಡಿಸಿದ, ರಸ್ತೆ ಬದಿಯಲ್ಲಿ ಸಿಗುವ ಟಾರ್ಚ್‌ಗಳಲ್ಲಿ ಬಹುಪಾಲು ಈ ಜಾತಿಯವು. ಹೊಸ ಸೆಲ್ಲಿಗೆ ಕಣ್ಣು ಕುಕ್ಕುವಂತೆ ಬೆಳಗಿ, ಬಳಸುತ್ತಿದ್ದಂತೆ ಬೇಗನೆ ಸೊರಗಿ, ಆಮೇಲೆ ಬಹಳ ಹೊತ್ತು ಕ್ಷೀಣವಾಗಿ ಮಿಣುಕುತ್ತವೆ. ಆ ಮಿಣುಕುವ ಹೊತ್ತನ್ನೆಲ್ಲ ಸೇರಿಸಿ “ಹತ್ತು ಗಂಟೆ ಉರಿಯುತ್ತದೆ” ಎಂದು ಮಾರುತ್ತಾರೆ.

ಕರೆಂಟನ್ನು ನಿಯಂತ್ರಿಸುವ ನಿಜವಾದ ಡ್ರೈವರ್‌ಗಳಲ್ಲಿ ಸರಳವಾದದ್ದು ಲೀನಿಯರ್ ಬಗೆಯದು. ಎಎಂಸಿ7135 ಎಂಬ ಪುಟ್ಟ ಐಸಿ (ಚಿಪ್) ಇದಕ್ಕೆ ಪ್ರಸಿದ್ಧ ಉದಾಹರಣೆ. ಒಂದೊಂದು ಐಸಿ ಸುಮಾರು 350 ಮಿಲಿ ಆಂಪಿಯರ್ ಕರೆಂಟನ್ನು ಮಾತ್ರ ಬಿಡುತ್ತದೆ. ನಾಲ್ಕನ್ನು ಜೋಡಿಸಿದರೆ 1.4 ಆಂಪಿಯರ್, ಎಂಟನ್ನು ಜೋಡಿಸಿದರೆ 2.8 ಆಂಪಿಯರ್. ಕಡಿಮೆ ಬೆಲೆಗೆ ಹೆಸರಾದ ಕಾನ್‌ವಾಯ್ ಎಸ್‌2+ ಟಾರ್ಚ್ ವರ್ಷಗಟ್ಟಲೆ ಈ ಏರ್ಪಾಡಿನ ಮೇಲೆಯೇ ನಡೆದು ಬಂದಿದೆ. ಸೆಲ್ಲಿನಲ್ಲಿ ಹೆಚ್ಚಿರುವ ವೋಲ್ಟೇಜನ್ನು ಲೀನಿಯರ್ ಡ್ರೈವರ್ ಶಾಖವಾಗಿ ಕಳೆಯುತ್ತದೆ ಎಂಬುದು ಅದರ ದೋಷ. ಬೆಳಕು ಮಟ್ಟಸವಾಗಿರುತ್ತದೆ, ಬೆಲೆ ಕಡಿಮೆ ಎಂಬುದು ಗುಣ. ಒಂದು ಮಾತನ್ನು ಗಮನಿಸಬೇಕು: ಕರೆಂಟ್ ಹೆಚ್ಚಿದಷ್ಟೂ ಎಲ್‌ಇಡಿಗೆ ಬೇಕಾದ ವೋಲ್ಟೇಜೂ ಹೆಚ್ಚುವುದರಿಂದ, ಇಂಥ ಟಾರ್ಚ್ ತನ್ನ ಗರಿಷ್ಠ ಬೆಳಕಿನಲ್ಲಿ ಸೆಲ್ಲಿನ ಅರ್ಧದಾರಿಯಲ್ಲೇ ಜಾರತೊಡಗಬಹುದು. ಅದೇ ಟಾರ್ಚ್ ಒಂದೇ ಐಸಿಯ ಮೂಲಕ ಕೊಡುವ ಮಧ್ಯಮ ಬೆಳಕು ಸೆಲ್ ಹೆಚ್ಚುಕಡಿಮೆ ಖಾಲಿಯಾಗುವ ತನಕ ಅಲುಗಾಡುವುದಿಲ್ಲ.

ಇನ್ನೆರಡು ಬಗೆಗಳಿಗೆ ಬಕ್ ಮತ್ತು ಬೂಸ್ಟ್ ಎಂದು ಹೆಸರು. ಬಕ್ ಡ್ರೈವರ್ ಹೆಚ್ಚಿನ ವೋಲ್ಟೇಜನ್ನು ಕಡಿಮೆ ನಷ್ಟದಲ್ಲಿ ಇಳಿಸುತ್ತದೆ. ಬೂಸ್ಟ್ ಡ್ರೈವರ್ ಕಡಿಮೆ ವೋಲ್ಟೇಜನ್ನು ಏರಿಸುತ್ತದೆ. ಒಂದೇ ಪೆನ್ಸಿಲ್ ಸೆಲ್ಲಿನಿಂದ ಉರಿಯುವ ಎಲ್‌ಇಡಿ ಟಾರ್ಚ್‌ಗಳಲ್ಲೆಲ್ಲ ಬೂಸ್ಟ್ ಸರ್ಕ್ಯೂಟ್ ಇದ್ದೇ ಇರಬೇಕು, ಏಕೆಂದರೆ 1.5 ವೋಲ್ಟಿಗೆ ಬಿಳಿ ಎಲ್‌ಇಡಿ ಬೆಳಗುವುದೇ ಇಲ್ಲ. ಹಾಗೆಂದು ಬೂಸ್ಟ್ ಇದ್ದ ಮಾತ್ರಕ್ಕೆ ಬೆಳಕು ಸ್ಥಿರವಾಗಿರುತ್ತದೆಂದು ತಿಳಿಯಬಾರದು. ವೋಲ್ಟೇಜನ್ನು ಸುಮ್ಮನೆ ಏರಿಸುವ ಅಗ್ಗದ ಸರ್ಕ್ಯೂಟ್‌ಗಳಿವೆ. ಅವು ಕರೆಂಟನ್ನು ಅಳೆದು ಸರಿಪಡಿಸುವುದಿಲ್ಲವಾದ್ದರಿಂದ ಸೆಲ್ ಇಳಿದಂತೆ ಬೆಳಕೂ ಇಳಿಯುತ್ತದೆ. ಆನ್‌ಲೈನಿನಲ್ಲಿ ಕೊಳ್ಳುವವರು ಉತ್ಪನ್ನದ ವಿವರದಲ್ಲಿ ‘ಕಾನ್‌ಸ್ಟಂಟ್ ಕರೆಂಟ್’ ಅಥವಾ ‘ರೆಗ್ಯುಲೇಟೆಡ್’ ಎಂಬ ಮಾತು ಇದೆಯೇ ಎಂದು ಹುಡುಕಬೇಕು. ಈ ಮಾತು ಇದ್ದರೆ ನಂಬಲು ಅರ್ಧ ಕಾರಣ ಸಿಕ್ಕಂತೆ. ಉಳಿದರ್ಧವನ್ನು ಪರೀಕ್ಷೆಯೇ ಕೊಡಬೇಕು.

ಪೆಟ್ಟಿಗೆಯ ಮೇಲಿನ ಅಂಕಿಗಳು

ಒಳ್ಳೆಯ ತಯಾರಕರು ಅಮೆರಿಕದ ಎಎನ್‌ಎಸ್‌ಐ ಎಫ್‌ಎಲ್ 1 ಎಂಬ ಮಾನದಂಡದ ಪ್ರಕಾರ ಅಂಕಿಗಳನ್ನು ಕೊಡುತ್ತಾರೆ. 2009ರಲ್ಲಿ ಬಂದ ಈ ಮಾನದಂಡ ಟಾರ್ಚ್ ಮಾರುಕಟ್ಟೆಗೆ ಒಂದಿಷ್ಟು ಶಿಸ್ತು ತಂದಿತು ಎಂಬುದು ನಿಜ. ಆದರೆ ಸ್ಥಿರ ಬೆಳಕನ್ನು ಹುಡುಕುವವರು ಅದರ ಒಂದು ನಿಯಮವನ್ನು ಚೆನ್ನಾಗಿ ಅರ್ಥಮಾಡಿಕೊಂಡಿರಬೇಕು. ಟಾರ್ಚ್ ಹಚ್ಚಿ 30 ಸೆಕೆಂಡ್ ಆದಮೇಲಿನ ಬೆಳಕನ್ನು ಆರಂಭದ ಬೆಳಕೆಂದು ಹಿಡಿದು, ಅದು ಶೇಕಡ 10ಕ್ಕೆ ಇಳಿಯುವ ತನಕದ ಅವಧಿಯನ್ನು ‘ರನ್‌ಟೈಮ್’ ಎಂದು ಬರೆಯುತ್ತಾರೆ. ಅಂದರೆ “1000 ಲ್ಯೂಮೆನ್, 3 ಗಂಟೆ” (ಲ್ಯೂಮೆನ್ ಎಂಬುದು ಟಾರ್ಚ್ ಹೊರಚೆಲ್ಲುವ ಒಟ್ಟು ಬೆಳಕಿನ ಅಳತೆ) ಎಂದು ಬರೆದಿರುವ ಟಾರ್ಚ್ ಎರಡು ನಿಮಿಷ ಮಾತ್ರ 1000 ಲ್ಯೂಮೆನ್ ಕೊಟ್ಟು, ಉಳಿದ ಹೊತ್ತೆಲ್ಲ 150 ಲ್ಯೂಮೆನ್ನಿನಲ್ಲಿ ಕಳೆದಿದ್ದರೂ ಪೆಟ್ಟಿಗೆಯ ಮಾತು ಸುಳ್ಳಾಗುವುದಿಲ್ಲ. ಸತತವಾಗಿ ಇಳಿಯುತ್ತಾ ಹೋಗುವ ಟಾರ್ಚಿಗೂ, 400 ಲ್ಯೂಮೆನ್ನಿನಲ್ಲಿ ಗಟ್ಟಿಯಾಗಿ ನಿಂತು ಕೊನೆಗೆ ಆರುವ ಟಾರ್ಚಿಗೂ ಒಂದೇ ರನ್‌ಟೈಮ್ ಬರಬಹುದು.

ಈ ಗೊಂದಲಕ್ಕೆ ಪರಿಹಾರ ರನ್‌ಟೈಮ್ ಗ್ರಾಫ್. ಅಡ್ಡ ಗೆರೆಯಲ್ಲಿ ಸಮಯ, ಉದ್ದ ಗೆರೆಯಲ್ಲಿ ಬೆಳಕು ಇರುವ ಈ ಚಿತ್ರವನ್ನು ಕೆಲವು ತಯಾರಕರೇ ಕೊಡುತ್ತಾರೆ. ಸ್ವತಂತ್ರವಾಗಿ ಟಾರ್ಚ್ ಅಳೆಯುವ ಹವ್ಯಾಸಿಗಳೂ ಪ್ರಕಟಿಸುತ್ತಾರೆ. ಗ್ರಾಫಿನಲ್ಲಿ ಎಡತುದಿಯ ಎತ್ತರದ ಮೊನೆಯನ್ನು ಬಿಟ್ಟು, ಅದರ ನಂತರ ಬರುವ ಸಮತಟ್ಟಾದ ಭಾಗವನ್ನು ನೋಡಬೇಕು. ಆ ಸಮತಟ್ಟು ಎಷ್ಟು ಎತ್ತರದಲ್ಲಿದೆ, ಎಷ್ಟು ಉದ್ದವಿದೆ ಎಂಬುವೇ ಆ ಟಾರ್ಚಿನ ನಿಜವಾದ ಯೋಗ್ಯತೆ. ಸಮತಟ್ಟೇ ಇಲ್ಲದೆ ಬೆಟ್ಟದ ಇಳಿಜಾರಿನಂತೆ ಗೆರೆ ಜಾರಿದ್ದರೆ ಅಲ್ಲಿ ನಿಯಂತ್ರಣವಿಲ್ಲ.

ಗ್ರಾಫ್ ಸಿಗದಿದ್ದಾಗ ಒಂದು ಸರಳ ಲೆಕ್ಕ ನೆರವಿಗೆ ಬರುತ್ತದೆ. 3000 ಎಂಎಎಚ್ (ಮಿಲಿ ಆಂಪಿಯರ್ ಅವರ್) ಸಾಮರ್ಥ್ಯದ, 18650 ಎಂಬ ಗಾತ್ರದ ಒಂದು ಲಿಥಿಯಂ ಅಯಾನ್ ಸೆಲ್ಲಿನಲ್ಲಿರುವ ಶಕ್ತಿ 3 ಆಂಪಿಯರ್ ಅವರ್ × 3.6 ವೋಲ್ಟ್, ಅಂದರೆ ಸುಮಾರು 10.8 ವ್ಯಾಟ್ ಅವರ್. ಡ್ರೈವರ್, ಗಾಜು, ರಿಫ್ಲೆಕ್ಟರ್‌ಗಳ ನಷ್ಟವೆಲ್ಲ ಕಳೆದು ಸಾಧಾರಣ ಟಾರ್ಚ್ ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆಂದು ಇಟ್ಟುಕೊಳ್ಳಬಹುದು. ಹಾಗಾದರೆ ಆ ಸೆಲ್ಲಿನಲ್ಲಿ ಇರುವುದು ಸುಮಾರು 1080 ಲ್ಯೂಮೆನ್ ಗಂಟೆ: 200 ಲ್ಯೂಮೆನ್ನಿನಲ್ಲಿ ಐದು ಗಂಟೆಗಿಂತ ಸ್ವಲ್ಪ ಹೆಚ್ಚು, 1000 ಲ್ಯೂಮೆನ್ನಿನಲ್ಲಿ ಒಂದು ಗಂಟೆ. ಒಂದೇ ಸೆಲ್ ಇಟ್ಟುಕೊಂಡು “1000 ಲ್ಯೂಮೆನ್, 8 ಗಂಟೆ” ಎನ್ನುವ ಟಾರ್ಚ್ ಸ್ಥಿರ ಬೆಳಕಿನದ್ದಾಗಿರಲು ಸಾಧ್ಯವಿಲ್ಲವೆಂದು ಈ ಲೆಕ್ಕದಿಂದಲೇ ಹೇಳಬಹುದು. 2000 ಎಂಎಎಚ್‌ನ ಒಂದು ನಿಕ್ಕಲ್ ಮೆಟಲ್ ಹೈಡ್ರೈಡ್ ಪೆನ್ಸಿಲ್ ಸೆಲ್ಲಿನಲ್ಲಿ 2.4 ವ್ಯಾಟ್ ಅವರ್ ಇರುತ್ತದೆ. ವೋಲ್ಟೇಜ್ ಏರಿಸುವ ನಷ್ಟವನ್ನು ಸೇರಿಸಿದರೆ 100 ಲ್ಯೂಮೆನ್ನಿನಲ್ಲಿ ಎರಡು ಗಂಟೆಯ ಹತ್ತಿರ ಉರಿದರೆ ಅದು ಒಳ್ಳೆಯ ಟಾರ್ಚ್. ಹತ್ತು ಸಾವಿರ ಲ್ಯೂಮೆನ್ ಎಂದು ಬರೆದ ಅಂಗೈಯಗಲದ ಟಾರ್ಚ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಅಷ್ಟು ಬೆಳಕಿಗೆ ಸುಮಾರು 100 ವ್ಯಾಟ್ ಬೇಕು, ಒಂದು 18650 ಸೆಲ್ ಅಷ್ಟನ್ನು ಕೊಡಲಾರದು.

ಬೆಳಕು ಹಾಯುವ ದೂರದ ಅಂಕಿಯನ್ನೂ ಹಾಗೆಯೇ ನಂಬಬಾರದು. ಎಫ್‌ಎಲ್ 1 ಪ್ರಕಾರ, ಬೆಳಕು 0.25 ಲಕ್ಸ್‌ಗೆ (ಲಕ್ಸ್ ಎಂಬುದು ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಇಳಿಯುವ ಜಾಗವೇ ಕೊನೆ. ಅದು ಹೆಚ್ಚುಕಡಿಮೆ ತಿಳಿಯಾದ ಹುಣ್ಣಿಮೆ ರಾತ್ರಿಯ ಬೆಳಕು. 200 ಮೀಟರ್ ಎಂದು ಬರೆದಿದ್ದರೆ ಅದರ ಅರ್ಧ ದೂರದಲ್ಲಿ ಬೆಳಕು ನಾಲ್ಕು ಪಟ್ಟಾಗಿ 1 ಲಕ್ಸ್ ಇರುತ್ತದೆ. ಅಲ್ಲಿರುವುದು ದನವೋ ಕಾಡುಹಂದಿಯೋ ಎಂದು ಗುರುತಿಸುವ ಕೆಲಸಕ್ಕೆ ಆ ಅರ್ಧವನ್ನೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ಯಾವ ಸೆಲ್ಲಿನ ಟಾರ್ಚ್?

ಊರಿನ ಕಿರಾಣಿ ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ಲಿನ ಟಾರ್ಚಿಗೆ ಇಂದಿಗೂ ತನ್ನದೇ ಆದ ಬೆಲೆಯಿದೆ. ಅದಕ್ಕೆ ಮತ್ತೆ ಚಾರ್ಜ್ ಮಾಡಬಹುದಾದ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳನ್ನು ಹಾಕುವುದು ಉತ್ತಮ. ಅವುಗಳ ವೋಲ್ಟೇಜ್ 1.2 ಮಾತ್ರ ಆದರೂ ಬಹುಪಾಲು ಹೊತ್ತು ಅಲ್ಲಿಯೇ ನಿಲ್ಲುತ್ತದೆ, ಸೋರುವ ಭಯವೂ ಬಹಳ ಕಡಿಮೆ. ಸಾಮಾನ್ಯ ಸೆಲ್‌ಗಳನ್ನೂ ಆಲ್ಕಲೈನ್ ಸೆಲ್‌ಗಳನ್ನೂ ತಿಂಗಳುಗಟ್ಟಲೆ ಟಾರ್ಚಿನೊಳಗೇ ಬಿಟ್ಟರೆ ಸೋರಿ, ಸ್ಪ್ರಿಂಗ್ ತುಕ್ಕು ಹಿಡಿಸಿ, ಒಳ್ಳೆಯ ಡ್ರೈವರನ್ನೂ ಹಾಳುಮಾಡುತ್ತವೆ.

ಹೆಚ್ಚು ಬೆಳಕು ಹೆಚ್ಚು ಹೊತ್ತು ಬೇಕಿದ್ದರೆ 18650 ಲಿಥಿಯಂ ಅಯಾನ್ ಸೆಲ್ಲಿನ ಟಾರ್ಚೇ ಸರಿಯಾದ ಆಯ್ಕೆ. ಹೆಸರಿನ ಮೊದಲ ಎರಡು ಅಂಕಿ ಸೆಲ್ಲಿನ ವ್ಯಾಸ, 18 ಮಿಲಿಮೀಟರ್. ನಂತರದ ಎರಡು ಉದ್ದ, 65 ಮಿಲಿಮೀಟರ್. ಈ ಗಾತ್ರದ ಅಸಲಿ ಸೆಲ್‌ಗಳ ಸಾಮರ್ಥ್ಯ 3500 ಎಂಎಎಚ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಾಗಿರುವಾಗ 6800, 9900 ಎಂದು ಮುದ್ರಿಸಿದ ಸೆಲ್‌ಗಳು ಖಂಡಿತ ನಕಲಿ. ಅವುಗಳಲ್ಲಿ ಹಲವು ಹಳೆಯ ಲ್ಯಾಪ್‌ಟಾಪ್‌ಗಳಿಂದ ಕಿತ್ತು ಹೊಸ ಹೊದಿಕೆ ಹಾಕಿದವು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಅಸಲಿ ಸೆಲ್ ಸಾಮಾನ್ಯವಾಗಿ 45ರಿಂದ 50 ಗ್ರಾಂ ತೂಗುತ್ತದೆ. ಮೂವತ್ತು ಗ್ರಾಮಿನ ಸೆಲ್ಲನ್ನು ವಾಪಸು ಕೊಡಿ. ಭಾರತದಲ್ಲಿ ಈ ಸೆಲ್‌ಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಐಎಸ್ 16046 ಎಂಬ ಮಾನದಂಡದ ಸಂಖ್ಯೆ ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಸೆಲ್ಲಿನ ಅಥವಾ ಪೊಟ್ಟಣದ ಮೇಲೆ ಇದೆಯೇ ಎಂದು ನೋಡುವುದು ಒಳ್ಳೆಯದು. ಟಾರ್ಚಿಗೆ ಕೊಟ್ಟ ಹಣದಷ್ಟೇ ಗಮನವನ್ನು ಸೆಲ್ಲಿಗೂ ಕೊಡಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ನಕಲಿ ಸೆಲ್ಲಿನ ಮುಂದೆ ಎಂಥ ಡ್ರೈವರ್ ಇದ್ದರೂ ಪ್ರಯೋಜನವಿಲ್ಲ. ಮೇಲಾಗಿ ಬಿಸಿಯಾಗಿ ಹೊತ್ತಿಕೊಳ್ಳುವ ಅಪಾಯವೂ ಇದೆ.

ಯುಎಸ್‌ಬಿ-ಸಿ ಚಾರ್ಜಿಂಗ್ ಟಾರ್ಚಿನಲ್ಲೇ ಇದ್ದರೆ ಹಳ್ಳಿಯಲ್ಲೂ ಪ್ರಯಾಣದಲ್ಲೂ ಅನುಕೂಲ. ಆದರೆ ಕೆಲವು ಅಗ್ಗದ ಟಾರ್ಚ್‌ಗಳು ಎರಡೂ ತುದಿ ಸಿ ಇರುವ ಕೇಬಲ್ಲಿನಲ್ಲಿ ಚಾರ್ಜ್ ಆಗುವುದಿಲ್ಲ. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ಲೇ ಬೇಕಾಗುತ್ತದೆ. ಕೊಂಡ ದಿನವೇ ಇದನ್ನು ಪರೀಕ್ಷಿಸಿಕೊಳ್ಳಿ. ಸೆಲ್ಲನ್ನು ಬಿಚ್ಚಿ ಬದಲಿಸಲು ಬರುವ ಟಾರ್ಚನ್ನೇ ಆರಿಸಿ. ಒಳಗೇ ಬೆಸೆದ ಸೆಲ್ಲಿನ ಟಾರ್ಚ್ ಎರಡು ಮೂರು ವರ್ಷಗಳಲ್ಲಿ ಸೆಲ್ ಸೋತಾಗ ಇಡಿಯಾಗಿ ಕಸವಾಗುತ್ತದೆ.

ನಮ್ಮ ಸಂತೆ, ಬಜಾರುಗಳಲ್ಲಿ ಬಹಳ ಕಾಲದಿಂದ ಮಾರಾಟವಾಗುತ್ತಿರುವ, ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಟಾರ್ಚ್‌ಗಳ ಒಳಗೆ ಸಾಮಾನ್ಯವಾಗಿ 4 ವೋಲ್ಟಿನ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಇವು ಅಗ್ಗ, ಆದರೆ ಸ್ಥಿರ ಬೆಳಕಿನ ದೃಷ್ಟಿಯಿಂದ ನಾನು ಇವನ್ನು ಶಿಫಾರಸು ಮಾಡಲಾರೆ. ಬಹುಪಾಲು ಟಾರ್ಚ್‌ಗಳಲ್ಲಿ ಎಲ್‌ಇಡಿಗೆ ರೆಸಿಸ್ಟರಿನ ಹೊರತು ಬೇರೆ ನಿಯಂತ್ರಣ ಇರುವುದಿಲ್ಲ. ಖಾಲಿಯಾದ ಬ್ಯಾಟರಿಯನ್ನು ಚಾರ್ಜ್ ಮಾಡದೆ ಕೆಲವು ವಾರ ಬಿಟ್ಟರೆ ಅದು ಸಲ್ಫೇಟ್ ಕಟ್ಟಿ ಶಾಶ್ವತವಾಗಿ ಸೊರಗುತ್ತದೆ. ಒಳಗೆ ಟ್ರಾನ್ಸ್‌ಫಾರ್ಮರ್ ಇಲ್ಲದ ಚಾರ್ಜಿಂಗ್ ಸರ್ಕ್ಯೂಟ್ ಇರುವುದರಿಂದ, ಪ್ಲಗ್ಗಿನಲ್ಲಿರುವಾಗ ಒಡೆದ ಮೈಯ ಟಾರ್ಚನ್ನು ಮುಟ್ಟುವುದೂ ಅಪಾಯ. ಮನೆಯಲ್ಲಿ ಇಂಥದ್ದು ಈಗಾಗಲೇ ಇದ್ದರೆ ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿ, ಚಾರ್ಜ್ ಆಗುತ್ತಿರುವಾಗ ಹಚ್ಚಬೇಡಿ.

ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ

ಪೆನ್ಸಿಲ್ ಸೆಲ್ಲಿನ ಟಾರ್ಚ್ ಕೊಳ್ಳಲು ಹೋಗುವಾಗ ಮನೆಯಿಂದ ಅರ್ಧ ಬಳಸಿದ ಸೆಲ್‌ಗಳನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಗೋಡೆ ಗಡಿಯಾರದಲ್ಲಿ ಕೆಲವು ತಿಂಗಳು ಓಡಿದ ಸೆಲ್ ಆದೀತು. ಅಂಗಡಿಯವರು ಹೊಸ ಸೆಲ್ ಹಾಕಿ ತೋರಿಸಿದ ಕೂಡಲೇ, ಅದೇ ಗೋಡೆಗೆ, ಅದೇ ದೂರದಿಂದ, ನಿಮ್ಮ ಹಳೆಯ ಸೆಲ್ ಹಾಕಿ ಹಿಡಿಯಿರಿ. ಒಂದೇ ಮಾದರಿಯ ಎರಡು ಟಾರ್ಚ್‌ಗಳನ್ನು ಕೇಳಿ ಪಡೆದು, ಒಂದಕ್ಕೆ ಹೊಸದು, ಇನ್ನೊಂದಕ್ಕೆ ಹಳೆಯದು ಹಾಕಿ ಅಕ್ಕಪಕ್ಕ ಹಿಡಿಯಲು ಸಾಧ್ಯವಾದರೆ ಇನ್ನೂ ಒಳ್ಳೆಯದು, ಏಕೆಂದರೆ ಅಕ್ಕಪಕ್ಕ ಇದ್ದಾಗ ಮಾತ್ರ ಕಣ್ಣು ವ್ಯತ್ಯಾಸವನ್ನು ಹಿಡಿಯುತ್ತದೆ. ಎರಡರ ಬೆಳಕೂ ಒಂದೇ ಆಗಿ ಕಂಡರೆ ಒಳಗೆ ನಿಯಂತ್ರಣವಿದೆ. ಹಳೆಯ ಸೆಲ್ಲಿನದು ಎದ್ದು ಕಾಣುವಷ್ಟು ಮಂದವಾಗಿದ್ದರೆ ಆ ಟಾರ್ಚನ್ನು ಅಲ್ಲಿಯೇ ಬಿಡಿ.

ಲಿಥಿಯಂ ಸೆಲ್ಲಿನ ಟಾರ್ಚನ್ನು ಅಂಗಡಿಯಲ್ಲಿ ಹೀಗೆ ಪರೀಕ್ಷಿಸುವುದು ಕಷ್ಟ. ಅದಕ್ಕೆ ಮನೆಯ ಪರೀಕ್ಷೆಯೇ ಬೇಕು, ಮತ್ತು ವಾಪಸು ಕೊಡಲು ಇರುವ ಅವಧಿಯೊಳಗೇ ಅದನ್ನು ಮಾಡಬೇಕು. ಬಿಳಿ ತಾರಸಿಯಿರುವ ಸಣ್ಣ ಕೋಣೆಯೊಂದನ್ನು ಕತ್ತಲು ಮಾಡಿ. ಸ್ನಾನದ ಮನೆ ಇದಕ್ಕೆ ಅನುಕೂಲ, ನೆಲ ಒಣಗಿರಲಿ. ಟಾರ್ಚನ್ನು ಬುಡ ಕೆಳಗೆ ಮಾಡಿ ಸ್ಟೂಲಿನ ಮೇಲೆ ನಿಲ್ಲಿಸಿ, ಬೆಳಕು ತಾರಸಿಗೆ ಬಿದ್ದು ಕೋಣೆಯೆಲ್ಲ ಹರಡಲಿ. ಫೋನಿನಲ್ಲಿ ಲಕ್ಸ್ ಅಳೆಯುವ ಉಚಿತ ಆ್ಯಪ್ ಒಂದನ್ನು ಹಾಕಿಕೊಂಡು, ಫೋನನ್ನು ಟಾರ್ಚಿನಿಂದ ಸ್ವಲ್ಪ ದೂರದಲ್ಲಿ ಮುಖ ಮೇಲೆ ಮಾಡಿ ಇಡಿ. ಪರೀಕ್ಷೆ ಮುಗಿಯುವ ತನಕ ಫೋನನ್ನಾಗಲಿ ಟಾರ್ಚನ್ನಾಗಲಿ ಅಲುಗಿಸಬಾರದು. ನೀವು ನಿಂತು ಓದುವ ಜಾಗವೂ ಪ್ರತಿ ಸಲ ಒಂದೇ ಇರಲಿ, ಬಟ್ಟೆಯ ಬಣ್ಣ, ನೆರಳು ಕೂಡ ಅಂಕಿಯನ್ನು ಬದಲಿಸುತ್ತವೆ. ಹಚ್ಚಿದ ಕೂಡಲೇ ಒಮ್ಮೆ, ಅರ್ಧ ನಿಮಿಷಕ್ಕೆ ಒಮ್ಮೆ, ಐದು ನಿಮಿಷಕ್ಕೆ ಒಮ್ಮೆ, ಆಮೇಲೆ ಹತ್ತು ಹತ್ತು ನಿಮಿಷಕ್ಕೆ ಅಂಕಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಫೋನಿನ ಸೆನ್ಸರ್ ತೋರಿಸುವ ಲಕ್ಸ್ ನಿಖರವಾಗಿರುವುದಿಲ್ಲ, ಅದರಿಂದ ಲ್ಯೂಮೆನ್ ಎಷ್ಟೆಂದೂ ತಿಳಿಯುವುದಿಲ್ಲ. ಇಲ್ಲಿ ನಮಗೆ ಬೇಕಿರುವುದು ಅಂಕಿಗಳ ನಡುವಿನ ಪ್ರಮಾಣ ಮಾತ್ರ. ಉದಾಹರಣೆಗೆ ಮಧ್ಯಮ ಬೆಳಕಿನಲ್ಲಿ 62, 60, 60, 59, 59, 58 ಎಂದು ಒಂದು ಗಂಟೆ ಸಾಗಿದರೆ ಅದು ಮಟ್ಟಸವಾದ ಬೆಳಕು. 62, 51, 43, 36, 30 ಎಂದು ಸಾಗಿದರೆ ನಿಯಂತ್ರಣವಿಲ್ಲದ್ದು. ಗರಿಷ್ಠ ಬೆಳಕಿನಲ್ಲಿ ಮೂರನೆಯ ಒಂದು ಮಾದರಿ ಕಾಣಸಿಗುತ್ತದೆ: 180, 176, ಆಮೇಲೆ ಒಮ್ಮೆಲೇ 75, ನಂತರ ಗಂಟೆಗಟ್ಟಲೆ 74, 74, 73. ಇದನ್ನು ದೋಷವೆಂದು ತಿಳಿಯಬೇಡಿ. ಟಾರ್ಚಿನ ಮೈ ಸುಡುವಷ್ಟು ಬಿಸಿಯಾಗದಂತೆ ಡ್ರೈವರ್ ತಾನಾಗಿ ಬೆಳಕನ್ನು ತಗ್ಗಿಸಿ, ಆಮೇಲೆ ಅಲ್ಲಿಯೇ ನಿಲ್ಲಿಸಿದೆ. ಅಂಗೈಯೊಳಗೆ ಅಡಗುವ ಟಾರ್ಚ್ ಸಾಮಾನ್ಯವಾಗಿ 1000 ಲ್ಯೂಮೆನ್ನನ್ನು ಕೆಲವು ನಿಮಿಷಗಳಿಗಿಂತ ಹೆಚ್ಚು ತಾಳಿಕೊಳ್ಳಲಾರದು. ಅಷ್ಟು ಶಾಖವನ್ನು ಹೊರಹಾಕಲು ಅದರ ಮೈ ಸಾಲದು. ಆದ್ದರಿಂದ ಕೊಳ್ಳುವಾಗ ಗರಿಷ್ಠ ಬೆಳಕನ್ನು ಮರೆತು, ಈ ತಗ್ಗಿದ ಮಟ್ಟವೇ ಟಾರ್ಚಿನ ನಿಜವಾದ ಬೆಳಕು ಎಂದು ಲೆಕ್ಕ ಹಾಕುವುದು ಸರಿ. ಗರಿಷ್ಠ ಬೆಳಕಿನಲ್ಲಿ ಟಾರ್ಚ್ ಕೈಗೆ ಹಿಡಿಯಲಾರದಷ್ಟು ಬಿಸಿಯಾದರೂ ತಾನಾಗಿ ತಗ್ಗದಿದ್ದರೆ ಪರೀಕ್ಷೆಯನ್ನು ನಿಲ್ಲಿಸಿ. ಅದರಲ್ಲಿ ಶಾಖದ ರಕ್ಷಣೆ ಇಲ್ಲ.

ಇನ್ನೊಂದು ಬಗೆಯ ಅಸ್ಥಿರತೆಯೂ ಇದೆ. ಕೆಲವು ಡ್ರೈವರ್‌ಗಳು ಬೆಳಕನ್ನು ಕಡಿಮೆ ಮಾಡಲು ಎಲ್‌ಇಡಿಯನ್ನು ಸೆಕೆಂಡಿಗೆ ನೂರಾರು ಸಲ ಹಚ್ಚಿ ಆರಿಸುತ್ತವೆ. ನೇರ ನೋಡಿದರೆ ಗೊತ್ತಾಗದಿದ್ದರೂ ಓದುವಾಗ ಕಣ್ಣು ದಣಿಯಬಹುದು, ತಿರುಗುವ ವಸ್ತುಗಳು ನಿಂತಂತೆ ಕಂಡು ಮೋಸವಾಗಬಹುದು. ಮಂದ ಬೆಳಕಿನಲ್ಲಿಟ್ಟು ನಲ್ಲಿಯಿಂದ ಬೀಳುವ ನೀರಿಗೆ ಹಿಡಿದಾಗ ನೀರು ತುಂಡು ತುಂಡಾಗಿ ಕಂಡರೆ, ಅಥವಾ ಫೋನಿನ ಕ್ಯಾಮೆರಾದಲ್ಲಿ ಅಡ್ಡ ಪಟ್ಟೆಗಳು ಮೂಡಿದರೆ ಅದು ನಿಧಾನ ಗತಿಯ ಮಿಡಿತ ಎಂದು ತಿಳಿಯಿರಿ. ಪಂಪ್ ಮೋಟಾರಿನ ಹತ್ತಿರ ಕೆಲಸ ಮಾಡುವವರು ಅಂಥದ್ದನ್ನು ಕೊಳ್ಳಬಾರದು.

ಆರುವ ಮುನ್ನ ಎಚ್ಚರಿಸುವ ಟಾರ್ಚ್

ಸ್ಥಿರ ಬೆಳಕಿನ ಟಾರ್ಚಿಗೂ ಒಂದು ದೊಡ್ಡ ಕೊರತೆಯಿದೆ: ಕೊನೆಯ ಕ್ಷಣದವರೆಗೆ ಪೂರ್ತಿ ಬೆಳಗಿ, ಸೆಲ್ ಮುಗಿದಾಗ ಥಟ್ಟನೆ ಆರಿಹೋಗುತ್ತದೆ. ತೋಟದ ನಡುವೆ ಹೀಗಾದರೆ ಮಂದ ಬೆಳಕೂ ಇಲ್ಲದಂತಾಗುತ್ತದೆ. ಆದ್ದರಿಂದ ಸೆಲ್ಲಿನ ಮಟ್ಟವನ್ನು ಹಸಿರು-ಕೆಂಪು ದೀಪದಲ್ಲಿ ತೋರಿಸುವ, ಅಥವಾ ಸೆಲ್ ಮುಗಿಯುವ ಮೊದಲು ಬೆಳಕನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಮಂದ ಬೆಳಕಿನಲ್ಲಿ ಇನ್ನೂ ಸ್ವಲ್ಪ ಹೊತ್ತು ಉರಿಯುವ ಟಾರ್ಚನ್ನು ಆರಿಸಬೇಕು. ಮನೆಯ ಪರೀಕ್ಷೆಯನ್ನು ಒಮ್ಮೆಯಾದರೂ ಕೊನೆಯ ತನಕ ನಡೆಸಿದರೆ ನಿಮ್ಮ ಟಾರ್ಚ್ ಹೇಗೆ ಆರುತ್ತದೆಂದು ತಿಳಿದಿರುತ್ತದೆ. ಲಿಥಿಯಂ ಸೆಲ್ಲಿನ ವೋಲ್ಟೇಜ್ ಮಿತಿಮೀರಿ ಇಳಿದರೆ ಸೆಲ್ಲೇ ಕೆಡುವುದರಿಂದ, ಡ್ರೈವರಿನಲ್ಲಿ ಅಥವಾ ಸೆಲ್ಲಿನಲ್ಲಿ ರಕ್ಷಣಾ ಸರ್ಕ್ಯೂಟ್ ಇರುವುದೂ ಅಗತ್ಯ. ರಕ್ಷಣೆಯಿರುವ 18650 ಸೆಲ್‌ಗಳು 65ರ ಬದಲು 68ರಿಂದ 70 ಮಿಲಿಮೀಟರ್ ಉದ್ದವಿರುತ್ತವೆ. ನಿಮ್ಮ ಟಾರ್ಚಿಗೆ ಅವು ಹಿಡಿಸುತ್ತವೆಯೇ ಎಂದು ಮೊದಲೇ ವಿಚಾರಿಸಿ. ರಾತ್ರಿ ದೂರ ನಡೆಯುವವರು ಚಾರ್ಜ್ ಆದ ಇನ್ನೊಂದು ಸೆಲ್ಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಯ್ಯಬೇಕು. ಕೀಲಿಕೈ, ಚಿಲ್ಲರೆಗಳ ಜೊತೆ ಬರಿ ಸೆಲ್ಲನ್ನು ಜೇಬಿಗೆ ಹಾಕಿದರೆ ಶಾರ್ಟ್ ಆಗಿ ಸುಡುತ್ತದೆ.

ಉಳಿದ ಗುಣಗಳನ್ನು ಬೇಗ ನೋಡಿಬಿಡಬಹುದು. ಬೆಳಕಿನ ಬಣ್ಣ 4000ರಿಂದ 5000 ಕೆಲ್ವಿನ್ ಇದ್ದು, ಬಣ್ಣಗಳನ್ನು ಸಹಜವಾಗಿ ತೋರಿಸುವ ಸಿಆರ್‌ಐ ಅಂಕಿ 90ರ ಹತ್ತಿರ ಇದ್ದರೆ ಮಣ್ಣು, ಎಲೆ, ಹಾವುಗಳ ಕಂದು ಬಣ್ಣಗಳು ಬೇರೆ ಬೇರೆಯಾಗಿ ಕಾಣುತ್ತವೆ. 6500 ಕೆಲ್ವಿನ್ನಿನ ನೀಲಿಛಾಯೆಯ ಬೆಳಕು ಹೆಚ್ಚು ಪ್ರಖರವೆನ್ನಿಸಿದರೂ ಎಲ್ಲವನ್ನೂ ಬೂದಿ ಬಣ್ಣಕ್ಕೆ ತಿರುಗಿಸುತ್ತದೆ. ಮಲೆನಾಡು, ಕರಾವಳಿಯವರು ಐಪಿಎಕ್ಸ್‌7 ಗುರುತು ನೋಡಬೇಕು: ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ನೀರು ಒಳಹೋಗದು ಎಂದು ಅದರ ಅರ್ಥ. ಮುಂದಿನ ಗಾಜನ್ನು ಎಳೆದು ಬೆಳಕನ್ನು ಕಿರಿದು ಮಾಡುವ ಜೂಮ್ ಟಾರ್ಚ್‌ಗಳಲ್ಲಿ ಈ ರಕ್ಷಣೆ ಸಾಮಾನ್ಯವಾಗಿ ಇರುವುದಿಲ್ಲ, ಕಿರಿದು ಮಾಡಿದಾಗ ಬೆಳಕಿನ ಬಹುಪಾಲು ಒಳಗೇ ನಷ್ಟವಾಗುತ್ತದೆ. ಮನೆಯ ಹಿರಿಯರಿಗೆ ಕೊಡುವುದಾದರೆ ಹಿಂಬದಿಯಲ್ಲಿ ಒಂದೇ ಗುಂಡಿ, ಎರಡೋ ಮೂರೋ ಮಟ್ಟದ ಬೆಳಕು ಸಾಕು. ಗುಂಡಿ ಒತ್ತಿದಂತೆಲ್ಲ ಮಿಣಮಿಣ ಹೊಡೆಯುವ ಸ್ಟ್ರೋಬ್ ಬರುವ ಟಾರ್ಚ್ ಅವರಿಗೆ ಹಿಂಸೆ. ಪಕ್ಕದಲ್ಲಿ ಎಲೆಕ್ಟ್ರಾನಿಕ್ ಗುಂಡಿಯಿರುವ ಟಾರ್ಚ್ ಆರಿದ್ದಾಗಲೂ ಸೆಲ್ಲನ್ನು ಒಂದಿಷ್ಟು ಹೀರುತ್ತಿರುತ್ತದೆ. ಹಲವು ಟಾರ್ಚ್‌ಗಳಲ್ಲಿ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿಟ್ಟರೆ ಅದು ನಿಲ್ಲುತ್ತದೆ.

ಪರೀಕ್ಷೆಯ ದಿನ ಬರೆದ ಅಂಕಿಗಳ ಕಾಗದವನ್ನು ಟಾರ್ಚಿನ ಪೆಟ್ಟಿಗೆಯಲ್ಲೇ ಇಟ್ಟು, ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ಅದೇ ಕೋಣೆಯಲ್ಲಿ, ಅದೇ ಫೋನಿನಿಂದ ಮತ್ತೆ ಅಳೆಯಿರಿ. ಬೆಳಕಿನ ಮಟ್ಟ ಮೊದಲಿನಷ್ಟೇ ಇದ್ದು ಉರಿಯುವ ಅವಧಿ ಮಾತ್ರ ಕುಗ್ಗಿದ್ದರೆ ಸೆಲ್ಲಿಗೆ ವಯಸ್ಸಾಗಿದೆ, ಹೊಸದು ಕೊಂಡು ಹಳೆಯದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಮಟ್ಟವೇ ಇಳಿದಿದ್ದರೆ ಮೊದಲು ಗಾಜನ್ನು ಒರೆಸಿ, ಸ್ಪ್ರಿಂಗ್ ಮತ್ತು ಮುಚ್ಚಳದ ಅಂಚಿನ ಲೋಹವನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಶುಚಿಮಾಡಿ ಇನ್ನೊಮ್ಮೆ ಅಳೆಯಿರಿ. ಬಹಳ ಸಲ ಅಷ್ಟಕ್ಕೇ ಹಳೆಯ ಅಂಕಿ ಮರಳಿ ಬರುತ್ತದೆ.